ಬಿಲ್ ಕೌಂಟರಿನ ಸಾಲಲ್ಲಿ ಯಾರೋ ‘ತ್ಚು’ ಅಂದರು, ಮೂರು ವಾರದಿಂದ ಅಂಗಡಿಗೇ ಹೋಗಿಲ್ಲ

ಪ್ರಶ್ನೆ: ನನಗೆ 58 ವರ್ಷ. ಮಂಡ್ಯದ ಗುತ್ತಲಿನಲ್ಲಿ ಮೂವತ್ತೈದು ವರ್ಷ ಸಂಸಾರ ಮಾಡಿದವಳು. ಯಜಮಾನರು ತೀರಿಕೊಂಡ ಮೇಲೆ ಮೈಸೂರಿಗೆ, ಕುವೆಂಪುನಗರದ ಮಗನ ಮನೆಗೆ ಬಂದು ಎಂಟು ತಿಂಗಳಾಯಿತು. ಮೂರು ವಾರದ ಹಿಂದೆ, ಭಾನುವಾರ ಸಂಜೆ, ಮನೆ ಹತ್ತಿರದ ಸೂಪರ್‌ಮಾರ್ಕೆಟ್‌ಗೆ ಒಬ್ಬಳೇ ಹೋಗಿದ್ದೆ. ಬೀನ್ಸ್, ಬದನೆಕಾಯಿ, ಕೊತ್ತಂಬರಿ, ಗಾಜಿನ ಬಾಟಲಿಯಲ್ಲಿದ್ದ ಮಾವಿನ ಉಪ್ಪಿನಕಾಯಿ ತಗೊಂಡು ಬಿಲ್ ಹಾಕಿಸಲು ನಿಂತೆ. ನನ್ನ ಸರದಿ ಬಂದಾಗ ಹುಡುಗಿ ‘ತರಕಾರಿ ತೂಕ ಹಾಕಿಸಿ ಸ್ಟಿಕ್ಕರ್ ಅಂಟಿಸ್ಕೊಂಡ್ ಬರ್ಬೇಕಿತ್ತು ಆಂಟಿ’ ಅಂದಳು. ನನಗೆ ಗೊತ್ತಿರಲಿಲ್ಲ. ಹಿಂದೆ ಯಾರೋ ‘ತ್ಚು’ ಅಂದರು. ಒಬ್ಬ ಹೆಂಗಸು ‘ಗೊತ್ತಿಲ್ಲ ಅಂದ್ರೆ ಯಾಕಾದ್ರೂ ಬರ್ತಾರೋ’ ಅಂತ ಪಕ್ಕದವರಿಗೆ ಹೇಳಿದ್ದು ಕಿವಿಗೆ ಬಿತ್ತು. ಗಾಬರಿಯಲ್ಲಿ ಎಲ್ಲ ಬಾಚಿಕೊಂಡು ಹೊರಟಾಗ ಬಾಟಲಿ ಕೈಜಾರಿತು. ನೆಲದ ತುಂಬ ಎಣ್ಣೆ, ಖಾರ, ಗಾಜು. ಗಾಜು ಎತ್ತಲು ಹೋಗಿ ಬೆರಳು ಕುಯ್ದುಕೊಂಡೆ. ಎಷ್ಟು ಸಲ ಸಾರಿ ಅಂದೆನೋ ಲೆಕ್ಕ ಇಲ್ಲ. ಯಾರೂ ಕೇಳದಿದ್ದರೂ ಬಾಟಲಿ ದುಡ್ಡು ಕೊಟ್ಟು, ತರಕಾರಿ ಅಲ್ಲೇ ಬಿಟ್ಟು ಬಂದೆ. ಅವತ್ತಿನಿಂದ ಯಾವ ಅಂಗಡಿಗೂ ಹೋಗಿಲ್ಲ. ಮಗ ‘ನೀನ್ಯಾಕಮ್ಮ ಹೋಗ್ಬೇಕು, ಮೊಬೈಲಲ್ಲೇ ತರಿಸ್ತೀನಿ’ ಅಂತಾನೆ. ಮಂಡ್ಯದಲ್ಲಿ ನಾನು ಹೀಗಿರಲಿಲ್ಲ. ಇಷ್ಟು ಸಣ್ಣ ವಿಷಯ ಯಾಕಿಷ್ಟು ಕಾಡುತ್ತಿದೆ? ತಂಗಿ ಅಂತ ತಿಳಿದು ಕೇಳುತ್ತಿದ್ದೇನೆ.

ಉತ್ತರ: ತಂಗಿ ಅಂದಿದ್ದೀರಿ, ಹಾಗಾಗಿ ನಾನೂ ಅಕ್ಕ ಅಂತಲೇ ಮಾತಾಡಿಸುತ್ತೇನೆ. ಅಕ್ಕಾ, ಬೆರಳಿನ ಗಾಯ ವಾಸಿಯಾಯಿತಾ? ಪತ್ರದಲ್ಲಿ ಅದರ ಮಾತು ಅರ್ಧ ಸಾಲು ಮಾತ್ರ. ಸಾಲಲ್ಲಿ ಯಾರು ಏನಂದರು ಅನ್ನುವುದು ಒಂದೊಂದು ಅಕ್ಷರವೂ ನೆನಪಿದೆ. ಗಾಜಿಗಿಂತ ಆ ‘ತ್ಚು’ ಆಳಕ್ಕೆ ಇಳಿದಿದೆ ಅಂತ ನನಗೆ ಅದರಿಂದಲೇ ಗೊತ್ತಾಯಿತು.

ಇದು ಸಣ್ಣ ವಿಷಯ ಅಂತ ನಾನು ಹೇಳುವುದಿಲ್ಲ. ಮೈಸೂರಿನಲ್ಲಿ ಆಪ್ತಸಮಾಲೋಚಕಿಯಾಗಿ ಇಷ್ಟು ವರ್ಷ ಕೂತು ಕೇಳಿದ್ದರಲ್ಲಿ ಇಂಥ ಮಾತು ಬೇಕಾದಷ್ಟಿವೆ. ಮದುವೆ, ಮಕ್ಕಳು, ಕೆಲಸ ಅಂತ ಬಂದವರು ಮೂರನೇ ಸಲವೋ ನಾಲ್ಕನೇ ಸಲವೋ ಬಂದಾಗ ಮೆಲ್ಲಗೆ ಬಾಯಿ ಬಿಡುತ್ತಾರೆ. ಚಿಲ್ಲರೆ ಇಲ್ಲದ್ದಕ್ಕೆ ಬಸ್ಸಿನಲ್ಲಿ ಕೇಳಿಸಿಕೊಂಡ ಮಾತು. ಯುಪಿಐ ಹೋಗದೆ ಹತ್ತು ಜನರ ಮುಂದೆ ಫೋನ್ ಹಿಡಿದು ನಿಂತದ್ದು. ಜೋಡಿಸಿಟ್ಟ ಬಿಸ್ಕತ್ತಿನ ಪ್ಯಾಕೆಟ್ಟನ್ನೆಲ್ಲ ಮಗು ಬೀಳಿಸಿದಾಗ ಸುತ್ತಲಿನವರು ತಾಯಿಯ ಕಡೆ ನೋಡಿದ ನೋಟ. ಹೇಳುವಾಗ ಎಲ್ಲರೂ ಮೊದಲು ‘ನಗ್ಬೇಡಿ’ ಅಂತಾರೆ. ನಾನು ಯಾವತ್ತೂ ನಕ್ಕಿಲ್ಲ.

ಮೊದಲು ಆ ತೂಕದ ವಿಷಯ ಮುಗಿಸಿಬಿಡೋಣ. ಅದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ. ಮಂಡ್ಯದ ಪೇಟೆ ಬೀದಿಯಲ್ಲಿ ನೀವು ‘ಅರ್ಧ ಕೇಜಿ ಬೀನ್ಸ್’ ಅಂದರೆ ಸಾಕಿತ್ತು. ತೂಗುವವರು ಅವರು, ಕವರಿಗೆ ಹಾಕುವವರು ಅವರು, ಲೆಕ್ಕ ಹೇಳುವವರೂ ಅವರೇ. ಮೇಲೆ ನಾಲ್ಕು ಎಸಳು ಕರಿಬೇವು ಬೇರೆ. ದಿನಸಿ ಅಂಗಡಿಯಲ್ಲಿ ಚೀಟಿ ಕೊಟ್ಟು ನಿಂತರೆ ಹುಡುಗ ಒಳಗಿಂದ ಒಂದೊಂದೇ ತಂದು ಇಡುತ್ತಿದ್ದ. ಬಾಟಲಿ ಬಿದ್ದರೂ ಅವನ ಕೈಯಿಂದಲೇ ಬೀಳಬೇಕಿತ್ತು. ಲೋಕದಲ್ಲೆಲ್ಲ ಹೀಗೇ ಇತ್ತು. 1916ರಲ್ಲಿ ಅಮೆರಿಕದ ಮೆಂಫಿಸ್ ಊರಿನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಅನ್ನುವವರು ‘ಪಿಗ್ಲಿ ವಿಗ್ಲಿ’ ಅಂತ ಒಂದು ಅಂಗಡಿ ತೆರೆದರು. ಗಿರಾಕಿಗಳೇ ಒಳಗೆ ಹೋಗಿ, ಬೇಕಾದ್ದು ಆರಿಸಿ, ಬುಟ್ಟಿಯಲ್ಲಿ ಹೊತ್ತು ತಂದು ದುಡ್ಡು ಕೊಡುವ ಪದ್ಧತಿ ಅಲ್ಲಿಂದ ಹಬ್ಬಿತು. ಅಂಗಡಿಯವರಿಗೆ ಸಂಬಳ ಉಳಿಯಿತು. ಅಂಗಡಿ ಹುಡುಗನ ಕೆಲಸ ನಮ್ಮ ಕೈಗೆ ಬಂತು. ಕೆಲಸದ ಜೊತೆ ಅದರ ಎಡವಟ್ಟುಗಳೂ ಬಂದವು. ಕಲಿಸಿಕೊಡುವವರು ಮಾತ್ರ ಬರಲಿಲ್ಲ.

ಅದೂ ಅಂಗಡಿಯಿಂದ ಅಂಗಡಿಗೆ ಬೇರೆ. ಒಂದು ಕಡೆ ಬಿಲ್ ಕೌಂಟರಿನಲ್ಲೇ ತೂಗುತ್ತಾರೆ. ಇನ್ನೊಂದು ಕಡೆ ತರಕಾರಿ ಇಟ್ಟಲ್ಲೇ ತೂಗಿಸಿ ಚೀಟಿ ಅಂಟಿಸಿಕೊಂಡು ಬರಬೇಕು. ಇದು ಹುಟ್ಟಿನಿಂದ ಬರುವ ತಿಳಿವಳಿಕೆ ಅಲ್ಲ. ಕಣ್ಣಿಗೆ ಕಾಣುವ ಹಾಗೆ ಒಂದು ಬೋರ್ಡ್ ಹಾಕಬೇಕಾಗಿತ್ತು, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ.

ಇನ್ನು ಆ ಹೆಂಗಸಿನ ಮಾತು. ‘ಪಾಪ, ಅವರಿಗೂ ಏನು ತೊಂದರೆ ಇತ್ತೋ’ ಅಂತ ನಿಮ್ಮನ್ನು ಸಮಾಧಾನ ಮಾಡಲು ನನಗೆ ಮನಸ್ಸಿಲ್ಲ. ಅವರು ಆಡಿದ್ದು ಕೆಟ್ಟ ಮಾತು. ನಿಮಗೆ ಕೇಳಿಸಲಿ ಅಂತಲೇ ಪಕ್ಕದವರಿಗೆ ಹೇಳಿದ್ದು, ಅದು ಇನ್ನೂ ಕೆಟ್ಟದ್ದು. ನಮ್ಮ ಕೈಲಿ ತಡವಾದರೆ ‘ನೆಟ್‌ವರ್ಕ್ ಇಲ್ಲ, ಕತ್ತಲೆ, ಕನ್ನಡಕ ತಂದಿಲ್ಲ’ ಅಂತ ಕಾರಣ ಹುಡುಕುತ್ತೇವೆ. ಮುಂದಿನವರ ಕೈಲಿ ತಡವಾದರೆ ‘ಇವರಿಗೆ ಬುದ್ಧಿ ಇಲ್ಲ’ ಅಂತ ತೀರ್ಮಾನ ಕೊಡುತ್ತೇವೆ. ಮನುಷ್ಯರಲ್ಲಿ ಈ ಓರೆ ಇದೆ ಅಂತ ಮನಶ್ಶಾಸ್ತ್ರದವರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಜೊತೆಗೆ ಅದು ಭಾನುವಾರ ಸಂಜೆಯ ಸಾಲು. ಕೈಯಲ್ಲಿ ಕೆಲಸ ಇಲ್ಲದೆ ಸುಮ್ನೆ ನಿಂತವರಿಗೆ ಎರಡು ನಿಮಿಷ ಹತ್ತು ನಿಮಿಷದ ಹಾಗೆ ಅನಿಸುತ್ತದೆ. ಸಾಲಿನ ಮೇಲಿನ ಸಿಟ್ಟು, ಅವತ್ತು ಸಾಲಿನ ತುದಿಯಲ್ಲಿದ್ದ ನಿಮ್ಮ ತಲೆಗೆ ಬಂತು. ಇದರಿಂದ ಅವರ ಮಾತು ಒಳ್ಳೆಯದಾಗುವುದಿಲ್ಲ. ಆದರೆ ಆ ಮಾತಲ್ಲಿ ನಿಮ್ಮ ಬಗ್ಗೆ ಏನೂ ಇಲ್ಲ ಅನ್ನುವುದು ಗೊತ್ತಾಗುತ್ತದೆ.

‘ಎಲ್ಲರೂ ನೋಡುತ್ತಿದ್ದರು’ ಅಂತ ನಿಮಗೆ ಅನಿಸಿರುತ್ತದೆ, ಬರೆಯದಿದ್ದರೂ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೋವಿಚ್ ಮತ್ತು ಜೊತೆಯವರು ಇದನ್ನೇ ಪರೀಕ್ಷೆ ಮಾಡಿ 2000ದಲ್ಲಿ ಪ್ರಕಟಿಸಿದರು. ಹಾಕಿಕೊಳ್ಳಲು ನಾಚಿಕೆಯಾಗುವಂಥ ಒಂದು ಟೀ ಶರ್ಟ್ ಕೊಟ್ಟು ವಿದ್ಯಾರ್ಥಿಗಳನ್ನು ಜನ ಕೂತಿದ್ದ ಕೋಣೆಗೆ ಕಳಿಸಿದರು. ಹೊರಗೆ ಬಂದ ಮೇಲೆ ‘ನಿನ್ನ ಶರ್ಟ್ ಮೇಲೆ ಯಾರ ಚಿತ್ರ ಇತ್ತು ಅಂತ ಎಷ್ಟು ಜನ ನೋಡಿರಬಹುದು?’ ಅಂತ ಕೇಳಿದರು. ಹತ್ತಿರ ಹತ್ತಿರ ಅರ್ಧದಷ್ಟು ಜನ ಅಂದರು ಅವರು. ನಿಜಕ್ಕೂ ಗಮನಿಸಿದ್ದವರು ನಾಲ್ಕರಲ್ಲಿ ಒಬ್ಬರು. ಮುಂದಿನ ವರ್ಷ ಅದೇ ಗುಂಪಿನವರು ಇನ್ನೊಂದು ಸಂಗತಿ ತೋರಿಸಿದರು. ಎಡವಟ್ಟು ಮಾಡಿಕೊಂಡವರು ‘ನೋಡಿದವರು ನನ್ನನ್ನು ಹೀಗೆ ತೂಗಿರಬೇಕು’ ಅಂತ ಅಂದಾಜು ಮಾಡುತ್ತಾರಲ್ಲ, ಅದು ನೋಡಿದವರು ನಿಜವಾಗಿ ತೂಗುವುದಕ್ಕಿಂತ ಜಾಸ್ತಿ ಕಠಿಣವಾಗಿರುತ್ತದೆ.

ಇಲ್ಲಿ ಒಂದು ಮಾತು. ನೀವು ‘ಹಿಂದೆ ಯಾರೋ’ ಅಂದಾಗ ಮನಸ್ಸಿನಲ್ಲಿ ಇಡೀ ಸಾಲು ಬಂದು ನಿಲ್ಲುತ್ತದೆ. ಪತ್ರದ ಪ್ರಕಾರ ಸದ್ದು ಮಾಡಿದವರು ಒಬ್ಬರು, ಮಾತಾಡಿದವರು ಒಬ್ಬರು. ಉಳಿದವರು ಸುಮ್ಮನಿದ್ದರು. ಸುಮ್ಮನಿದ್ದವರೆಲ್ಲ ಅವರ ಪಕ್ಷ ಅಂತ ನೀವು ಲೆಕ್ಕ ಹಾಕಿದಿರಿ. ಆ ಲೆಕ್ಕ ಸರಿಯಿಲ್ಲ. 1968ರಲ್ಲಿ ಬಿಬ್ ಲಟಾನೆ, ಜಾನ್ ಡಾರ್ಲಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಕೋಣೆಯಲ್ಲಿ ಒಬ್ಬರೇ ಕೂತು ಏನೋ ಬರೆಯುತ್ತಿದ್ದಾಗ ಗೋಡೆಯ ಕಿಂಡಿಯಿಂದ ಹೊಗೆ ಬರಲು ಶುರುವಾದರೆ, ನಾಲ್ವರಲ್ಲಿ ಮೂವರು ಎದ್ದು ಹೋಗಿ ಹೇಳಿದರು. ಪಕ್ಕದಲ್ಲಿ ಏನೂ ಆಗದವರ ಹಾಗೆ ಇನ್ನಿಬ್ಬರು ಕೂತಿದ್ದರೆ ಎದ್ದವರು ಹತ್ತರಲ್ಲಿ ಒಬ್ಬರು. ಹೊಗೆ ಮುಖಕ್ಕೆ ಬರುತ್ತಿದ್ದರೂ ಅಷ್ಟೇ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನಾಗುತ್ತಾರೆ. ನಿಮ್ಮ ಹಿಂದೆ ನಿಂತವರಲ್ಲಿ ‘ಅಯ್ಯೋ, ಹೋಗಿ ಕೈಹಿಡಿಯೋಣ’ ಅಂತ ಅನಿಸಿಯೂ ಹೆಜ್ಜೆ ಎತ್ತದೆ ನಿಂತವರು ಇದ್ದಿರಲಿಕ್ಕೆ ಸಾಕು.

ಹೋದ ತಿಂಗಳು ದೇವರಾಜ ಮಾರುಕಟ್ಟೆಯಲ್ಲಿ ನಾನು ಕಂಡದ್ದು ಇದಕ್ಕೆ ಸರಿಯಾಗಿ ಹೊಂದುತ್ತದೆ. ಹೂವಿನ ಸಾಲಿಗೆ ತಿರುಗುವ ಮೂಲೆಯಲ್ಲಿ ಕಾಲೇಜು ಹುಡುಗನೊಬ್ಬನ ಬ್ಯಾಗಿನ ಪಟ್ಟಿ ನಿಂಬೆಹಣ್ಣಿನ ಕುಕ್ಕೆಗೆ ಸಿಕ್ಕಿಕೊಂಡಿತು. ಕುಕ್ಕೆ ಮಗುಚಿತು. ಹಣ್ಣೆಲ್ಲ ಒದ್ದೆ ನೆಲದ ಮೇಲೆ ಉರುಳಿದವು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಹುಡುಗನ ಕಿವಿ ಕೆಂಪಾಗಿತ್ತು. ನಿಂಬೆಹಣ್ಣಿನವನು ಬಾಯಿ ತೆರೆಯುವಷ್ಟರಲ್ಲಿ ಎದುರಿಗೆ ಮಲ್ಲಿಗೆ ಕಟ್ಟುತ್ತಿದ್ದ ಅಜ್ಜಿ, ಬೆರಳಿನ ದಾರ ಬಿಡದೆ, ತನ್ನ ಮಂಡಿಗೆ ಬಂದು ತಗುಲಿದ ಹಣ್ಣನ್ನು ಎಡಗೈಯಲ್ಲಿ ತಡೆದು, ‘ನಿಂಬೆಹಣ್ಣು ತಾನೆ ಮಗ, ಒಡೆದೋಯ್ತಾ? ಆಯ್ಕೊ’ ಅಂದಳು. ಅಷ್ಟೇ ಮಾತು. ಆಮೇಲೆ ಯಾರ್ಯಾರೋ ಬಗ್ಗಿದರು. ನಾನೂ ಮೂರು ಹಣ್ಣು ಆಯ್ದೆ. ನಿಂಬೆಹಣ್ಣಿನವನೇ ಕೊನೆಗೆ ‘ನೋಡ್ಕೊಂಡ್ ಹೋಗಪ್ಪ’ ಅಂತ ಮೆತ್ತಗೆ ಅಂದ. ಅಲ್ಲಿ ಮೊದಲು ಬಂದ ಮಾತು ಅಜ್ಜಿಯದು. ನಿಮ್ಮ ಅಂಗಡಿಯಲ್ಲಿ ಮೊದಲು ಬಂದದ್ದು ಆ ‘ತ್ಚು’. ಅದಾದ ಮೇಲೆ ಉಳಿದವರು ಸುಮ್ಮನೆ ನಿಂತುಬಿಟ್ಟರು. ನೀವು ಅದೇ ಹುಡುಗನ ಹಾಗೆ ನಿಂತಿದ್ದಿರಿ, ಒಬ್ಬ ಅಜ್ಜಿ ಇರಲಿಲ್ಲ.

ಈಗ ‘ಮಂಡ್ಯದಲ್ಲಿ ನಾನು ಹೀಗಿರಲಿಲ್ಲ’ ಅನ್ನುವ ನಿಮ್ಮ ಮಾತಿಗೆ ಬರುತ್ತೇನೆ. ಪತ್ರ ಓದುವಾಗ ನಾನು ಅಲ್ಲೇ ನಿಂತೆ. ಮೂವತ್ತೈದು ವರ್ಷ ಒಂದೇ ಕಡೆ ಇದ್ದವರು ನೀವು. ಅಲ್ಲಿನ ಅಂಗಡಿಯಲ್ಲಿ ಬಾಟಲಿ ಕೈಜಾರಿದ್ದರೆ ಏನಾಗುತ್ತಿತ್ತು, ಯೋಚನೆ ಮಾಡಿ. ‘ಕೈಗೇನೂ ಆಗ್ಲಿಲ್ವಲ್ಲಕ್ಕ?’ ಅಂತ ಕೇಳುತ್ತಿದ್ದರು. ಯಾಕೆಂದರೆ ಅವರಿಗೆ ನೀವು ಗೊತ್ತು. ನಿಮ್ಮ ಮನೆ ಗೊತ್ತು, ನಿಮ್ಮ ಮಗ ಓದಿದ್ದು ಗೊತ್ತು, ಲೆಕ್ಕ ಬರೆಸಿದ್ದನ್ನು ತಿಂಗಳಿಗೆ ಸರಿಯಾಗಿ ತೀರಿಸುವವರು ಅಂತ ಗೊತ್ತು. ಗುರುತಿನವರ ಮುಂದೆ ಬಾಟಲಿ ಒಡೆದರೆ ಅದು ಅವರಿಗೆ ಗೊತ್ತಿರುವ ಸಾವಿರ ಸಂಗತಿಯಲ್ಲಿ ಇನ್ನೊಂದು. ಗುರುತಿಲ್ಲದವರ ಮುಂದೆ ಒಡೆದರೆ ನಿಮ್ಮ ಬಗ್ಗೆ ಅವರಿಗೆ ಗೊತ್ತಿರುವುದು ಅದೊಂದೇ. ಅವತ್ತು ನಿಮಗೆ ಚುಚ್ಚಿದ್ದು ಇದೇ ಅಂತ ನನ್ನ ಅಭಿಪ್ರಾಯ. ‘ನಾನು ಯಾರು ಅಂತ ಇಲ್ಲಿ ಹೇಳುವವರೇ ಇಲ್ಲವಲ್ಲ’ ಅನ್ನುವ ನೋವು.

ಯಜಮಾನರು ಹೋದರು, ಮನೆ ಬಿಟ್ಟಿರಿ, ಬೀದಿ ಬಿಟ್ಟಿರಿ. ‘ಬನ್ನಿ ಅಕ್ಕ’ ಅನ್ನುತ್ತಿದ್ದ ಅಂಗಡಿಯೂ ಹೋಯಿತು. ಅದಕ್ಕೆ ಯಾರೂ ಬಂದು ಸಮಾಧಾನ ಹೇಳುವುದಿಲ್ಲ. ಹಾಗಾಗಿ ಒಂದು ಉಪ್ಪಿನಕಾಯಿ ಬಾಟಲಿಗೆ ಇಷ್ಟು ಅಳು ಬರುವುದರಲ್ಲಿ ತಪ್ಪಿಲ್ಲ ಅಕ್ಕ. ಅತ್ತುಬಿಡಿ.

ಆದರೆ ಅಂಗಡಿಗೆ ಹೋಗುವುದನ್ನು ಮಾತ್ರ ನಿಲ್ಲಿಸಬೇಡಿ. ‘ಬೇಡ ಬಿಡು, ಹೋಗಲ್ಲ’ ಅಂದುಕೊಂಡ ತಕ್ಷಣ ಎದೆ ಹಗುರಾಗುತ್ತದೆ, ಅಲ್ವಾ? ಆ ಹಗುರವೇ ಮೋಸ. ‘ಹೋಗದೆ ಇದ್ದದ್ದಕ್ಕೇ ಬಚಾವಾದೆ’ ಅಂತ ಮೈ ಕಲಿತುಬಿಡುತ್ತದೆ. ಮುಂದಿನ ಸಲ ಭಯ ಇನ್ನಷ್ಟು ಬೇಗ ಬರುತ್ತದೆ. ಇವತ್ತು ಸೂಪರ್‌ಮಾರ್ಕೆಟ್, ನಾಳೆ ಮೆಡಿಕಲ್ ಶಾಪ್, ನಾಡಿದ್ದು ಬಸ್ಸು. ಮೂರು ವಾರ ಅಂದರೆ ಇನ್ನೂ ಎಳೆಯದು, ಈಗಲೇ ತಿರುಗಿಸಬಹುದು.

ಅದೇ ಅಂಗಡಿಗೆ ಹೋಗಿ. ಬೇರೆ ಅಂಗಡಿ ಹುಡುಕಬೇಡಿ. ಭಾನುವಾರ ಸಂಜೆ ಬೇಡ, ಮಂಗಳವಾರವೋ ಬುಧವಾರವೋ ಬೆಳಗ್ಗೆ 11 ಗಂಟೆ ಹೊತ್ತಿಗೆ, ಜನ ಕಡಿಮೆ ಇದ್ದಾಗ. ಮೊದಲ ಸಲ ಎರಡೇ ಸಾಮಾನು ಸಾಕು. ಕಾಲು ಕೇಜಿ ಬೀನ್ಸ್, ಒಂದು ಕಟ್ಟು ಕೊತ್ತಂಬರಿ. ತರಕಾರಿ ಹತ್ತಿರ ಯೂನಿಫಾರಂ ಹಾಕಿರುವ ಹುಡುಗನೋ ಹುಡುಗಿಯೋ ಇರುತ್ತಾರೆ. ‘ಇದಕ್ಕೆ ತೂಕ ಎಲ್ಲಿ ಹಾಕಿಸೋದಪ್ಪ?’ ಅಂತ ಕೇಳಿ. ಬೀನ್ಸ್ ಕವರನ್ನು ತಕ್ಕಡಿ ಮೇಲೆ ಇಟ್ಟು, ಅದರ ನಂಬರ್ ಒತ್ತಿದರೆ ಚಿಕ್ಕ ಚೀಟಿ ಹೊರಗೆ ಬರುತ್ತದೆ. ಅದನ್ನು ಕವರಿಗೇ ಅಂಟಿಸಿ ಕೊಡುತ್ತಾರೆ. ಒಂದೊಂದು ತರಕಾರಿಗೆ ಒಂದೊಂದು ಕವರು, ಒಂದೊಂದು ಚೀಟಿ. ಬೀನ್ಸ್, ಬದನೆ ಒಂದೇ ಕವರಿಗೆ ಹಾಕಿದರೆ ಬಿಚ್ಚಿ ಮತ್ತೆ ತೂಗಬೇಕಾಗುತ್ತದೆ. ಚೀಟಿ ಅಂಟಿಸಿದ ಮೇಲೆ ಕವರಿಗೆ ಇನ್ನೊಂದು ಕಾಯಿ ಸೇರಿಸಬಾರದು. ಕಟ್ಟಿನ ಲೆಕ್ಕದಲ್ಲಿ ಮಾರುವ ಸೊಪ್ಪಿಗೆ ಕೆಲವು ಕಡೆ ತೂಕ ಬೇಕಾಗುವುದಿಲ್ಲ, ಅಲ್ಲೇ ಕೇಳಿಕೊಳ್ಳಿ. ಬೆಲೆ ಅಚ್ಚಾಗಿರುವ ಪ್ಯಾಕೆಟ್ಟಿಗೆ ಇದ್ಯಾವುದೂ ಬೇಡ.

ಸಾಲಲ್ಲಿ ನಿಂತಾಗ ಎದೆ ಹೊಡೆದುಕೊಳ್ಳುತ್ತದೆ. ಹೊಡೆದುಕೊಳ್ಳಲಿ. ಸಾಲು ಬಿಟ್ಟು ಮಾತ್ರ ಬರಬೇಡಿ. ನಿಂತೇ ಇದ್ದರೆ ಕೆಲವು ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ. ಅದು ಇಳಿಯುವುದನ್ನು ನಿಮ್ಮ ಮೈ ಒಂದು ಸಲ ನೋಡಬೇಕು. ಮುಂದಿನ ವಾರ ಅದೇ ಹೊತ್ತಿಗೆ, ಅವತ್ತಿನ ಬಿಲ್ ಹುಡುಗಿಯ ಕೌಂಟರಿಗೇ ಹೋಗಿ. ‘ಊಟ ಆಯ್ತೇನಮ್ಮ?’ ಅಂತ ಒಂದು ಮಾತು ಕೇಳಿ. ಅವಳು ಅವತ್ತು ನಿಮ್ಮನ್ನು ಬೈದಿಲ್ಲ, ಗಮನಿಸಿದಿರಾ? ನಾಲ್ಕು ಸಲ ಹೋದರೆ ಆ ಅಂಗಡಿಯಲ್ಲಿ ನೀವು ಗುರುತಿನವರು. ನಾನು ಅದೇ ಅಂಗಡಿ ಅಂತ ಹಟ ಮಾಡುತ್ತಿರುವುದು ಅದಕ್ಕೇ.

ಮತ್ತೆ ಎಡವಟ್ಟಾದರೆ? ಆಗುತ್ತದೆ, ಎಲ್ಲರಿಗೂ ಆಗುತ್ತದೆ. ಒಂದೇ ಸಲ ಕ್ಷಮೆ ಕೇಳಿ, ಕೂಡಲೇ ಒಂದು ಕೆಲಸ ಹೇಳಿ. ‘ಗೊತ್ತಿರ್ಲಿಲ್ಲ ಕಣಮ್ಮ, ತೂಕ ಹಾಕಿಸ್ಕೊಂಡ್ ಬರ್ತೀನಿ. ಅಷ್ಟರಲ್ಲಿ ಇವರದ್ದು ಬಿಲ್ ಮಾಡು.’ ಹಿಂದಿನವರಿಗೆ ಬೇಕಾಗಿದ್ದು ಸಾಲು ಮುಂದೆ ಹೋಗುವುದು. ಅದನ್ನು ನೀವೇ ಕೊಟ್ಟ ಹಾಗಾಯಿತು. ಗಾಜು ಒಡೆದರೆ ಬಗ್ಗಬೇಡಿ. ನಿಂತಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ ‘ಗಾಜು ಬಿದ್ದಿದೆ, ಈ ಕಡೆ ಬರ್ಬೇಡಿ’ ಅನ್ನಿ. ಎಣ್ಣೆ ಬಿದ್ದ ನೆಲದಲ್ಲಿ ಮಗುವೋ ವಯಸ್ಸಾದವರೋ ಜಾರಿದರೆ ಕಷ್ಟ. ಒರೆಸುವ ಸಾಮಾನು ಅಂಗಡಿಯವರ ಹತ್ತಿರ ಇರುತ್ತದೆ, ಅವರನ್ನು ಕರೆಯಿರಿ. ‘ಸಾರಿ, ಸಾರಿ’ ಅನ್ನುತ್ತಿದ್ದರೆ ತಲೆ ತಗ್ಗಿಸಿಕೊಂಡೇ ಇರಬೇಕಾಗುತ್ತದೆ. ‘ಈ ಕಡೆ ಬರ್ಬೇಡಿ’ ಅಂದಾಗ ತಲೆ ತಾನಾಗಿ ಮೇಲೆ ಬರುತ್ತದೆ.

ಆ ಹೆಂಗಸಿನಂಥವರು ಸಿಕ್ಕರೆ ಉತ್ತರ ಕೊಡಲೇಬೇಕು ಅಂತಿಲ್ಲ. ಕೊಡಬೇಕು ಅನಿಸಿದರೆ ತಿರುಗಿ ಮುಖ ನೋಡಿ ‘ಹೊಸಬಳು ಕಣಮ್ಮ, ಇವತ್ತು ಕಲ್ತೆ’ ಅನ್ನಿ. ದನಿ ಏರಿಸದೆ, ಬಗ್ಗಿಸದೆ. ಮಂಡ್ಯದವರಿಗೆ ನಾನು ಇದನ್ನು ಹೇಳಿಕೊಡಬೇಕಾಗಿಲ್ಲ.

ಬಾಟಲಿ ದುಡ್ಡಿನ ಬಗ್ಗೆ ಎರಡು ಮಾತು. 1930ರ ಸರಕು ಮಾರಾಟ ಕಾಯ್ದೆಯ 26ನೇ ಕಲಂ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಸರಕು ಕೊಂಡವರದಾಗುವ ತನಕ ಅದರ ನಷ್ಟದ ಹೊಣೆ ಮಾರುವವರದು. ನಿಮಗೆ ಇನ್ನೂ ಬಿಲ್ ಆಗಿರಲಿಲ್ಲ. ಬೇಜವಾಬ್ದಾರಿಯಿಂದ ಒಡೆದರೆ ಅಂಗಡಿಯವರು ಕೇಳಬಹುದು, ಅದು ಬೇರೆ ಮಾತು. ಅವರು ಕೇಳಲಿಲ್ಲ, ನೀವು ಕೊಟ್ಟಿರಿ. ಕೊಟ್ಟದ್ದು ನಿಮ್ಮ ದೊಡ್ಡತನ. ದಂಡ ಕಟ್ಟಿ ಬಂದೆ ಅಂತ ಮಾತ್ರ ಅಂದುಕೊಳ್ಳಬೇಡಿ.

ಮಗನಿಗೆ ಈ ಪತ್ರ ತೋರಿಸಿ. ಅಪ್ಪಾ, ನೀವು ಪ್ರೀತಿಯಿಂದಲೇ ಮೊಬೈಲಲ್ಲಿ ತರಿಸುತ್ತಿದ್ದೀರಿ. ಆದರೆ ಅಮ್ಮನಿಗೆ ಬೇಕಾಗಿರುವುದು ಬೀನ್ಸ್ ಒಂದೇ ಅಲ್ಲ. ಆ ಅಂಗಡಿಗೆ ನಡೆದು ಹೋಗುವುದು, ನಾಲ್ಕು ಜನರ ಮುಖ ನೋಡುವುದು, ಕಾಯಿ ಮುರಿದು ಎಳೆಯದಾ ಅಂತ ನೋಡಿ ಆರಿಸುವುದು, ಇದೆಲ್ಲ ಮನೆ ಬಾಗಿಲಿಗೆ ಬರುವ ಕವರಿನಲ್ಲಿ ಇರುವುದಿಲ್ಲ. ಮೊದಲ ದಿನ ಜೊತೆಗೆ ಹೋಗಿ, ಬಾಗಿಲ ಹತ್ತಿರ ನಿಂತಿರಿ. ಒಳಗೆ ಹೋಗಿ ನೀವೇ ಮಾಡಿಕೊಡಬೇಡಿ.

ಎರಡು ತಿಂಗಳು ಹೀಗೆ ಪ್ರಯತ್ನ ಮಾಡಿಯೂ ಕಾಲು ಮುಂದೆ ಹೋಗದಿದ್ದರೆ, ನಿದ್ದೆ ಕೆಟ್ಟರೆ, ದೇವಸ್ಥಾನಕ್ಕೋ ನೆಂಟರ ಮನೆಗೋ ಹೋಗಲು ಕೂಡ ಹಿಂಜರಿಕೆ ಬಂದರೆ ಯಾರಾದರೂ ಸಮಾಲೋಚಕರನ್ನು ನೋಡಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದುಡ್ಡಿಲ್ಲದೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಯಜಮಾನರ ನೆನಪಿನ ಸಂಕಟಕ್ಕೂ ಅಲ್ಲಿಗೆ ಫೋನ್ ಮಾಡಬಹುದು.

ಅಕ್ಕಾ, ಮಂಗಳವಾರ ಹೋಗಿ ಬಂದು ನನಗೆ ಬರೆಯಿರಿ. ಎಷ್ಟು ಹೊತ್ತಿಗೆ ಹೋದಿರಿ, ತೂಕ ಯಾರು ಹಾಕಿಕೊಟ್ಟರು, ಕೌಂಟರ್ ಹುಡುಗಿ ಏನಂದಳು, ಎಲ್ಲ ಬೇಕು. ಬೀನ್ಸ್ ಕವರಿನ ಮೇಲಿನ ಆ ಚೀಟಿ ಬಿಸಾಡಬೇಡಿ, ಮೆಲ್ಲಗೆ ಕಿತ್ತು ಪತ್ರದ ಮೂಲೆಗೆ ಅಂಟಿಸಿ ಕಳಿಸಿ.